ಹೇಂಟೆಯೋ ಹುಂಜವೋ, ದಾರದಕ್ಕನನ್ನು ಕೇಳಿ

ದಾರದಕ್ಕ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಹದಿನೆಂಟು ತುಂಬುತ್ತಿದ್ದ ಹಾಗೆ ನೂಲಿನ ಗಿರಣಿಗೆ ಸೇರಿ ಇಪ್ಪತ್ತಾರು ವರ್ಷ ದಾರದ ನಡುವೆಯೇ ದುಡಿದವಳನ್ನು ಬೀದಿಯವರು ಹಾಗೆ ಕರೆದರು. ಕರೆದದ್ದೇ ಹೆಸರಾಯಿತು. ಈಗ ಯಾರಾದರೂ ವಿಳಾಸ ಕೇಳಿದರೆ ಅವಳ ಗಂಡನೂ, "ದಾರದಕ್ಕನ ಮನೆ ಅನ್ನಿ, ಯಾರಾದ್ರೂ ತೋರಿಸ್ತಾರೆ" ಎನ್ನುತ್ತಾನೆ.

ಗಿರಣಿಯಲ್ಲಿ ಅವಳ ಕೆಲಸ ಕಡಿದ ಎಳೆಯನ್ನು ಕೂಡಿಸುವುದು. ನೂಲು ಸುತ್ತುವ ನಾನೂರು ಕದಿರುಗಳು ಸಾಲಾಗಿ ತಿರುಗುತ್ತಿರುತ್ತವೆ. ಅವುಗಳ ಪೈಕಿ ಎಲ್ಲೋ ಒಂದರಲ್ಲಿ ಕೂದಲಿಗಿಂತ ಸಣ್ಣ ನೂಲು ಪಟ್ಟನೆ ಕಡಿಯುತ್ತದೆ. ಸಾಲಿನ ಈ ತುದಿಯಲ್ಲಿ ನಿಂತೇ ಅದನ್ನು ಕಂಡುಹಿಡಿದು, ಓಡಿ ಹೋಗಿ, ಎರಡು ಬೆರಳಲ್ಲಿ ಹೊಸೆದು ಕೂಡಿಸಿ, ಮುಂದಿನದಕ್ಕೆ ಓಡಬೇಕು. ಹೊಸಬರು ಬಂದಾಗ ಮೇಸ್ತ್ರಿ ಅವಳನ್ನೇ ತೋರಿಸಿ, "ಇವಳ ಕಣ್ಣು ತಪ್ಪಿಸಿ ಒಂದು ಎಳೆ ಕಡಿಯೋ ಹಾಗಿಲ್ಲ" ಎನ್ನುತ್ತಿದ್ದ. ಹೊಗಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಆ ಯಂತ್ರಗಳ ಆರ್ಭಟದಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ಊಟದ ಡಬ್ಬಿಯಲ್ಲಿ ಏನಿದೆ ಎಂಬುದರಿಂದ ಹಿಡಿದು ಯಾರ ನಾದಿನಿ ಯಾರ ಜೊತೆ ಜಗಳ ಆಡಿದಳು ಎಂಬುದರವರೆಗೆ ಎಲ್ಲ ಸುದ್ದಿಯೂ ಆ ಸಾಲಿನಿಂದ ಈ ಸಾಲಿಗೆ ತುಟಿಯ ಮೇಲೆಯೇ ದಾಟಿ ಹೋಗುತ್ತಿತ್ತು.

ಹಾಗಾಗಿಯೇ ಕಿವಿ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗಂಡ ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಒಂದು ಭಾನುವಾರ ಅವಳು ಬೆನ್ನು ತಿರುಗಿಸಿ ಕುಳಿತು ಸೊಪ್ಪು ಬಿಡಿಸುತ್ತಿದ್ದಾಗ ಅವನ ಕೈಯಿಂದ ದೊಡ್ಡ ಹಲಗೆಯೊಂದು ಜಾರಿ ದಢಾರನೆ ಬಿತ್ತು. ಅಡುಗೆಮನೆಯಲ್ಲಿದ್ದ ಅತ್ತೆ ಬೆಚ್ಚಿ ಹೊರಗೆ ಬಂದರು. ಇವಳು ತಿರುಗಿಯೂ ನೋಡಲಿಲ್ಲ. ಬಡಗಿ ಹಲಗೆ ಎತ್ತಿ, ಈ ಸಲ ಬೇಕೆಂದೇ, ಮತ್ತೆ ಬೀಳಿಸಿದ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಮಾರನೆಯ ದಿನ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದ. ಅವರು ಕಿವಿಗೆ ಏನೇನೋ ಹಚ್ಚಿ ನೋಡಿ, ಹತ್ತಿರ ನಿಂತು ಜೋರಾಗಿ ಮಾತಾಡಿದರೆ ಒಂದಿಷ್ಟು ಕೇಳೀತು, ಸಣ್ಣ ಸದ್ದು, ದೂರದ ಸದ್ದು, ಕೀರಲು ಸದ್ದು ಇನ್ನು ಇಲ್ಲ ಎಂದರು. ಗಿರಣಿ ಬಿಟ್ಟರೆ ಇರುವಷ್ಟಾದರೂ ಉಳಿಯುತ್ತದೆ ಎಂದರು.

ಗಿರಣಿ ಬಿಟ್ಟಳು. ಆಗ ಅವಳಿಗೆ ನಲವತ್ತನಾಲ್ಕು.

ಮನೆಯಲ್ಲಿ ಮೊದಲ ಕೆಲವು ತಿಂಗಳು ಕೈಗೆ ಏನು ಮಾಡುವುದೆಂದೇ ತಿಳಿಯುತ್ತಿರಲಿಲ್ಲ. ಮಾತು ಹೇಗೋ ನಡೆಯುತ್ತಿತ್ತು. ಗಂಡ ಎದುರಿಗೆ ಬಂದು ಮಾತಾಡುವುದನ್ನು ರೂಢಿಸಿಕೊಂಡ. ಆದರೂ ಒಮ್ಮೊಮ್ಮೆ ಮರೆತು, ಬಾಯಿತುಂಬ ಮೊಳೆ ಕಚ್ಚಿಕೊಂಡೇ ಏನೋ ಹೇಳಲು ಬರುತ್ತಿದ್ದ. "ಬಾಯಲ್ಲಿ ಮೊಳೆ ಇದ್ರೆ ನಂಗೆ ಕೇಳಿಸಲ್ಲ ರೀ, ಮೊದಲು ಉಗುಳಿ" ಎಂದು ಅವಳು ನಗುತ್ತಿದ್ದಳು. ಅತ್ತೆಗೆ ಎಪ್ಪತ್ತು ದಾಟಿತ್ತು. ಅವರ ದನಿ ಮೊದಲಿಂದಲೂ ಓಣಿಯ ಕೊನೆಗೆ ಮುಟ್ಟುವಂಥದ್ದು, ಆದ್ದರಿಂದ ಅವರ ಕಡೆಯಿಂದ ಯಾವ ತೊಂದರೆಯೂ ಇರಲಿಲ್ಲ. ಸೊಸೆ ಕಿಟಕಿಯ ಬಳಿ ಕೈಕಟ್ಟಿ ಕೂರುವುದನ್ನು ನೋಡಿ ನೋಡಿ ಅವರಿಗೆ ಸಾಕಾಯಿತು.

"ಸುಮ್ನೆ ಕೂತ್ರೆ ಕೈಗೂ ತುಕ್ಕು, ತಲೆಗೂ ತುಕ್ಕು," ಎಂದು ಒಂದು ದಿನ ಎಲ್ಲಿಂದಲೋ ಕಾವಿಗೆ ಕೂತ ಬೂದು ಬಣ್ಣದ ಹೇಂಟೆಯೊಂದನ್ನೂ ಒಂಬತ್ತು ಮೊಟ್ಟೆಯನ್ನೂ ಬುಟ್ಟಿಯಲ್ಲಿಟ್ಟು ತಂದರು. "ಹಿತ್ತಲು ಖಾಲಿ ಬಿದ್ದಿದೆ. ಸಾಕು."

ಆ ಮೊಟ್ಟೆಗಳನ್ನು ಆರಿಸಿದವರೂ ಅತ್ತೆಯೇ. ತುದಿ ಚೂಪಾಗಿರುವ ಮೊಟ್ಟೆಯಲ್ಲಿ ಹುಂಜ, ದುಂಡಗಿರುವುದರಲ್ಲಿ ಹೇಂಟೆ ಎಂಬುದು ಅವರು ತಮ್ಮ ಅಜ್ಜಿಯಿಂದ ಕಲಿತ ವಿದ್ಯೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ದುಂಡಗಿರುವುದನ್ನೇ ಹೆಕ್ಕಿ ತಂದಿದ್ದರು. "ಒಂಬತ್ತಕ್ಕೆ ಒಂಬತ್ತೂ ಹೇಂಟೆ, ಬರೆದಿಟ್ಕೋ" ಎಂದರು. ಏಳು ಮರಿಗಳಾದವು. ಅದರಲ್ಲಿ ನಾಲ್ಕು ಹುಂಜ.

ಅದು ಗೊತ್ತಾದ ಬಗೆಯನ್ನು ದಾರದಕ್ಕ ಇವತ್ತಿಗೂ ಮರೆತಿಲ್ಲ. ಅವರದು ಏಳು ಮನೆಗಳ ಸಾಲು. ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ. ಪಕ್ಕದ ಮನೆಯವನು ಬೇಕರಿಯಲ್ಲಿ ರೊಟ್ಟಿ ಸುಡುವವನು. ಊರು ಮಲಗಿರುವಾಗ ದುಡಿದು, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬಂದು ಮಲಗುತ್ತಿದ್ದ. ಒಂದು ವಾರದಿಂದ ಅವನ ಮುಖ ಊದಿಕೊಂಡಿತ್ತು. ಅವಳು ಗೋಡೆಯ ಈಚೆಯಿಂದ, "ಏನು ತಮ್ಮ, ಹುಷಾರಾಗಿದ್ದೀಯಾ?" ಎಂದು ಕೇಳುತ್ತಿದ್ದಳು. ಅವನು ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಎಂಟನೆಯ ದಿನ ಅವನು ತಡೆಯಲಾರದೆ ಬಾಗಿಲಿಗೇ ಬಂದು ನಿಂತ. ಅವಳು ಅವನ ತುಟಿಯನ್ನೇ ನೋಡಿದಳು.

"ಅಕ್ಕ, ಕೋಪ ಮಾಡ್ಕೋಬೇಡಿ. ನಾನು ತಲೆ ಇಟ್ಟ ತಕ್ಷಣ ನಿಮ್ಮ ಹುಂಜಗಳು ಶುರು ಹಚ್ಕೋತಾವೆ. ಒಂದು ನಿಲ್ಲಿಸಿದ್ರೆ ಇನ್ನೊಂದು. ಎಂಟು ದಿನದಿಂದ ಕಣ್ಣು ಮುಚ್ಚಿಲ್ಲ."

ದಾರದಕ್ಕ ಅಲ್ಲೇ ಕುಗ್ಗಿಹೋದಳು. ಎಂಟು ದಿನ ತನ್ನ ಹಿತ್ತಲಿನಲ್ಲಿ ಆ ಗದ್ದಲ ನಡೆದಿದೆ, ತಾನು ಪಕ್ಕದಲ್ಲೇ ನಿಂತು ಕಾಳು ಎರಚಿದ್ದೇನೆ, ಅವನ ನಿದ್ದೆಗೆಡಿಸಿ ಅವನನ್ನೇ ಹುಷಾರಾಗಿದ್ದೀಯಾ ಎಂದು ಕೇಳಿದ್ದೇನೆ! ಗಂಡನ ಮೇಲೆ ರೇಗಿದಳು. "ನಿಮಗೆ ಕೇಳಿಸ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ಕೋಳಿ ಕೂಗಿತು ಅಂತ ಯಾರಾದ್ರೂ ಹೇಳ್ತಾರೇನೇ?" ಎಂದ ಬಡಗಿ. ಅದೂ ನಿಜವೇ.

ಸಾಲುಮನೆಗಳ ಒಡತಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಕೊನೆಯ ಮನೆಯಲ್ಲಿ ಅವರ ವಾಸ. ಅವರು ಬಂದು ಇಬ್ಬರ ಮಾತನ್ನೂ ಕೇಳಿ, ಹಾವೂ ಸಾಯದ ಕೋಲೂ ಮುರಿಯದ ತೀರ್ಪು ಕೊಟ್ಟರು. ಹೇಂಟೆ ಎಷ್ಟಾದರೂ ಸಾಕಲಿ, ಹುಂಜ ಮಾತ್ರ ಕೂಡದು. ಊರ ಹೊರಗೆ ಸೀಬೆತೋಟದ ಯಜಮಾನನೊಬ್ಬನಿದ್ದ. ಅವನಿಗೆ ಹುಂಜಗಳು ಬೇಕಾಗಿದ್ದವು. ತೋಟದಲ್ಲಿ ಹೇಂಟೆಗಳ ಹಿಂಡಿತ್ತು, ಹದ್ದು ಬಂದರೆ ಎಚ್ಚರಿಸಲು ಹುಂಜ ಬೇಕು ಎನ್ನುತ್ತಿದ್ದ. ನಾಲ್ಕನ್ನೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಅಲ್ಲಿಗೆ ಮುಗಿಯಿತೆಂದು ಬೇರೆ ಯಾರಾದರೂ ಬಿಡುತ್ತಿದ್ದರು. ದಾರದಕ್ಕ ಬಿಡಲಿಲ್ಲ. ಇನ್ನೊಮ್ಮೆ ಬೇಕರಿಯವನು ಬಂದು ಬಾಗಿಲಲ್ಲಿ ನಿಲ್ಲಬಾರದು. ಉಳಿದವರಿಗೆ ಹುಂಜ ಕೂಗಿದಾಗ ಗೊತ್ತಾದರೆ ಸಾಕು. ತನಗೆ ಅದು ಕೂಗುವ ಮೊದಲೇ ಗೊತ್ತಾಗಬೇಕು.

ಮುಂದಿನ ಸಲ ಸೀಬೆತೋಟದಿಂದ ತರಿಸಿದ ಮೊಟ್ಟೆಗಳನ್ನು ಕಾವಿಗಿಟ್ಟು ಮರಿಗಳಾದಾಗ, ಗಿರಣಿಯಿಂದ ಬರುವಾಗ ತಂದಿದ್ದ ಬಣ್ಣಬಣ್ಣದ ದಾರದ ಉಂಡೆಗಳನ್ನು ಹೊರತೆಗೆದು ಒಂದೊಂದು ಮರಿಯ ಕಾಲಿಗೂ ಒಂದೊಂದು ಬಣ್ಣದ ಎಳೆ ಕಟ್ಟಿದಳು. ಕಾಲು ದಪ್ಪವಾದಂತೆ ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಿದ್ದಳು. ಆ ನೆಪದಲ್ಲಿ ವಾರಕ್ಕೊಮ್ಮೆ ಪ್ರತಿ ಮರಿಯೂ ಅವಳ ತೊಡೆಯ ಮೇಲೆ ಕೂತು ಎದ್ದು ಹೋಗುತ್ತಿತ್ತು. ಹಸಿರು ದಾರದ್ದು ಏಳನೆಯ ವಾರ ಹೇಗಿತ್ತು, ಹನ್ನೊಂದನೆಯ ವಾರ ಹೇಗಾಯಿತು, ಕೊನೆಗೆ ಹುಂಜವಾಯಿತೋ ಹೇಂಟೆಯಾಯಿತೋ ಎಂಬುದೆಲ್ಲ ಅವಳ ತಲೆಯಲ್ಲಿ ಉಳಿಯಿತು. ಮೂರು ಸಲದ ಮರಿಗಳು ಬೆಳೆಯುವಷ್ಟರಲ್ಲಿ ಅವಳ ಕಣ್ಣು ಪಳಗಿತು.

ಬಲಿತ ವಿದ್ಯೆಯನ್ನು ಅವಳು ಬಚ್ಚಿಡಲಿಲ್ಲ. ಯಾರು ಕೇಳಿದರೂ ಹೇಳುತ್ತಿದ್ದಳು. ಹುಟ್ಟಿದ ದಿನವೇ ಹೇಳುವವರು ದೊಡ್ಡ ಕೋಳಿ ಫಾರಂಗಳಲ್ಲಿ ಇರುತ್ತಾರಂತೆ, ಅದು ಬೇರೆ ವಿದ್ಯೆ, ತನಗೆ ಆರು ವಾರವಾದರೂ ಬೇಕು. ಆರು ವಾರಕ್ಕೆ ಜುಟ್ಟು ನೋಡಬೇಕು. ಹುಂಜದ ಮರಿಯದು ಆಗಲೇ ಕೆಂಪೇರಿ ದಪ್ಪವಾಗತೊಡಗಿರುತ್ತದೆ, ಹೇಂಟೆಯದು ಇನ್ನೂ ಮಾಸಲು. ಹುಂಜದ ಕಾಲು ದಪ್ಪ. ಆದರೆ ಜುಟ್ಟನ್ನೂ ಕಾಲನ್ನೂ ನಂಬಿ ಕೂರಬಾರದು, ಅವು ಮೋಸ ಮಾಡುತ್ತವೆ. ಹನ್ನೆರಡು ವಾರ ದಾಟಿದ ಮೇಲೆ ಬೆನ್ನು ನೋಡಬೇಕು, ಬಾಲ ಶುರುವಾಗುವ ಜಾಗ. ಅಲ್ಲಿನ ಗರಿ ಉದ್ದವಾಗಿ, ತುದಿ ಚೂಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತ ಪಕ್ಕಕ್ಕೆ ಇಳಿದಿದ್ದರೆ ಹುಂಜ. ಉಗುರಿನ ತುದಿಯ ಹಾಗೆ ದುಂಡಗಿದ್ದರೆ ಹೇಂಟೆ. ಮಿಕ್ಕಿದ್ದೆಲ್ಲ ಅಂದಾಜು, ಬೆನ್ನಿನ ಗರಿ ಮಾತ್ರ ಸತ್ಯ.

ಹೇಳಿಕೊಟ್ಟರೂ ಜನರಿಗೆ ಅದು ಕಾಣುತ್ತಿರಲಿಲ್ಲ. ಆದ್ದರಿಂದ ಮರಿಗಳನ್ನೇ ಚೀಲದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಒಬ್ಬಳಂತೂ ಔಷಧಿ ಅಂಗಡಿಯ ಕವರಿನಲ್ಲಿ ಹಾಕಿಕೊಂಡು ಅವಳ ಬಳಿಗೆ ಬರತೊಡಗಿದರು. ಸೂಜಿಗೆ ದಾರ ಪೋಣಿಸಿ ಮರಿಯ ತಲೆಯ ಮೇಲೆ ತೂಗಿಬಿಟ್ಟರೆ, ಸುತ್ತು ತಿರುಗಿದರೆ ಹೇಂಟೆ, ಅತ್ತಿತ್ತ ಆಡಿದರೆ ಹುಂಜವಂತೆ ಹೌದಾ ಎಂದು ಒಬ್ಬ ಗೃಹಸ್ಥರು ಕೇಳಿದರು. "ಇಪ್ಪತ್ತಾರು ವರ್ಷ ದಾರ ಹಿಡಿದಿದ್ದೀನಿ ಸ್ವಾಮಿ, ಅದು ಯಾವತ್ತೂ ನನಗೆ ಒಂದು ಮಾತೂ ಹೇಳಿಲ್ಲ" ಎಂದಳು ದಾರದಕ್ಕ.

ಹೀಗೆ ಐದು ವರ್ಷ ಕಳೆದವು. ಗೋಡೆಯಾಚೆಯ ಬೇಕರಿಯವನು ನಿಶ್ಚಿಂತೆಯಿಂದ ಮಲಗುತ್ತಿದ್ದ. ವಾರಕ್ಕೊಮ್ಮೆ ಗೋಡೆಯ ಮೇಲಿಂದ ಮೊಟ್ಟೆ ಆಚೆಗೆ ಹೋಗುತ್ತಿತ್ತು, ಅಂಚು ಕಂದಿದ ಬನ್ನು ಈಚೆಗೆ ಬರುತ್ತಿತ್ತು.

ಆರನೆಯ ವರ್ಷ ಹನ್ನೊಂದು ಮರಿಗಳಾದವು. ಅದರಲ್ಲಿ ನೀಲಿ ದಾರದ್ದೊಂದು. ಮೂಳೆ ದಪ್ಪ, ಕಾಲು ಉದ್ದ, ಕತ್ತು ನೆಟ್ಟಗೆ. ಅದು ನಡೆಯುವ ಗತ್ತು ನೋಡಿದರೆ ಹಿತ್ತಲನ್ನೇ ಗುತ್ತಿಗೆಗೆ ಹಿಡಿದ ಹಾಗಿತ್ತು. ಉಳಿದ ಮರಿಗಳು ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತಿದ್ದವು. ಜುಟ್ಟು ಕೂಡ ಎಲ್ಲಕ್ಕಿಂತ ಎತ್ತರ. ಅತ್ತೆ ಎಂಟನೆಯ ವಾರಕ್ಕೇ ತೀರ್ಮಾನ ಹೇಳಿಬಿಟ್ಟರು.

"ಇದು ಹುಂಜ. ಇದಕ್ಕೆ ನಿನ್ನ ಕಣ್ಣೂ ಬೇಡ, ನನ್ನ ಕಣ್ಣೂ ಬೇಡ. ಕುರುಡರೂ ಹೇಳ್ತಾರೆ."

"ಜುಟ್ಟು ಎತ್ತರ ಇದೆ ಅತ್ತೆ, ಆದ್ರೆ ಕೆಂಪಾಗಿಲ್ಲ ನೋಡಿ," ಎಂದಳು ಸೊಸೆ.

"ನಾಳೆ ಆಗುತ್ತೆ."

ನಾಳೆಯೂ ಆಗಲಿಲ್ಲ. ಹದಿನಾಲ್ಕನೆಯ ವಾರ ಸೀಬೆತೋಟದ ಯಜಮಾನ ಹುಂಜಗಳನ್ನು ಒಯ್ಯಲು ಬಂದ ದಿನ ಹಿತ್ತಲಿನಲ್ಲಿ ಸಣ್ಣ ನ್ಯಾಯಸಭೆಯೇ ಸೇರಿತು. ಅತ್ತೆ ಒಂದು ಕಡೆ, ಅವರ ಬೆನ್ನಿಗೆ ಮಗ ಬಡಗಿ, ಗೋಡೆಯ ಮೇಲೆ ಮೊಣಕೈ ಊರಿ ನಿಂತ ಬೇಕರಿಯವನು. ಎಲ್ಲರ ಬೆರಳೂ ನೀಲಿ ದಾರದ ಮರಿಯ ಕಡೆಗೇ. ದಾರದಕ್ಕ ಅದನ್ನು ಹಿಡಿದು, ತಲೆಕೆಳಗು ಮಾಡದೆ ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನಿನ ಗರಿಗಳನ್ನು ಎರಡು ಬೆರಳಲ್ಲಿ ಒಂದೊಂದಾಗಿ ಬಿಡಿಸಿ ತೋರಿಸಿದಳು. "ನೋಡಿ, ತುದಿ ದುಂಡಗಿದೆ. ಇದು ಹೇಂಟೆ."

"ದುಂಡಗಿದ್ರೆ ದುಂಡಗಿರಲಿ. ಅದರ ನಡಿಗೆ ನೋಡೇ!" ಎಂದರು ಅತ್ತೆ.

"ನಡಿಗೆ ನೋಡಿ ಹೇಳೋದಾದ್ರೆ ಈ ಮನೆಯಲ್ಲಿ ನಿಮ್ಮನ್ನೇ ಹುಂಜ ಅನ್ನಬೇಕಾಗುತ್ತೆ ಅತ್ತೆ."

ಗೋಡೆಯಾಚೆಯಿಂದ ಬೇಕರಿಯವನು ಫಕ್ಕನೆ ನಕ್ಕ. ಅತ್ತೆಗೂ ನಗು ತಡೆಯಲಾಗಲಿಲ್ಲ, ಆದರೆ ಹಟ ಬಿಡಲಿಲ್ಲ. ವಾದ ನಡೆದು ನಡೆದು ತೋಟದ ಯಜಮಾನನಿಗೆ ಹೊತ್ತಾಯಿತು. ದಾರದಕ್ಕ ಬೇಗಬೇಗ ಉಳಿದ ಮರಿಗಳನ್ನು ನೋಡಿ, ಕೆಂಪು, ಹಸಿರು, ಬಿಳಿ, ಹಳದಿ ದಾರದ ನಾಲ್ಕನ್ನು ಹಿಡಿದುಕೊಟ್ಟಳು. ನೀಲಿ ದಾರದ್ದು ಹಿತ್ತಲಿನಲ್ಲೇ ಉಳಿಯಿತು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಬಡಗಿ ಒಳಗಿನಿಂದ ಎದ್ದು ಬಂದು ಹೆಂಡತಿಯ ಎದುರು ನಿಂತ. ಏನೋ ಹೇಳಬೇಕು, ಹೇಗೆ ಹೇಳುವುದೆಂದು ಗೊತ್ತಾಗದವನ ಮುಖ. ಅವಳಿಗೆ ತುಟಿ ಆಡುವ ಮೊದಲೇ ತಿಳಿಯಿತು.

"ಕೂಗಿತಾ?"

"ಕೂಗಿತು. ಎರಡು ಸಲ. ಗಂಟಲು ಒಡೆದ ಹಾಗೆ, ಆದ್ರೂ ಕೂಗೇ."

ಅತ್ತೆ ಸೊಸೆಯ ಕಡೆ ಒಮ್ಮೆ ನೋಡಿ, ಪೊರಕೆ ಹಿಡಿದು ಅಂಗಳ ಗುಡಿಸಲು ಹೋದರು. ಮಾರನೆಯ ದಿನ ಮತ್ತೆ ಕೂಗಿತು. ಮೂರನೆಯ ದಿನ ಬೇಕರಿಯವನು ಗೋಡೆಯ ಬಳಿಗೆ ಬಂದ. ಈ ಸಲ ಅವನಿಗೆ ಅವಳಿಗಿಂತ ಹೆಚ್ಚು ಸಂಕೋಚ. "ಅಕ್ಕ, ತಪ್ಪು ಯಾರಿಗಾದ್ರೂ ಆಗುತ್ತೆ. ಆ ನೀಲಿ ದಾರದ್ದನ್ನ ಒಂದು ತೋಟಕ್ಕೆ ಕಳಿಸಿಬಿಡಿ, ಸಾಕು" ಎಂದ. ದೊಡ್ಡ ಮೇಡಂ ಕೈಕೋಲು ಊರಿಕೊಂಡು ಬಂದು, "ಶನಿವಾರದವರೆಗೆ ಸಮಯ" ಎಂದರು. ಅವರು ತಮ್ಮ ಶಾಲೆಯಲ್ಲಿಯೂ ಹೀಗೆಯೇ ಗಡುವು ಕೊಡುತ್ತಿದ್ದಿರಬೇಕು.

ದಾರದಕ್ಕ ನೀಲಿ ದಾರದ್ದನ್ನು ಮತ್ತೆ ತೊಡೆಯ ಮೇಲೆ ಕೂರಿಸಿಕೊಂಡಳು. ಬೆನ್ನಿನ ಗರಿಗಳು ಮೊದಲಿಗಿಂತಲೂ ದುಂಡಗೆ ಬಲಿತಿದ್ದವು. ಅವಳ ಕಣ್ಣು ಒಂದು ಹೇಳುತ್ತಿತ್ತು, ಊರಿನವರ ಕಿವಿ ಇನ್ನೊಂದು ಹೇಳುತ್ತಿತ್ತು. ತನ್ನ ಕಿವಿಯನ್ನು ಕೇಳೋಣವೆಂದರೆ ಅದು ಗಿರಣಿಯಲ್ಲೇ ಉಳಿದುಹೋಗಿತ್ತು. ಆ ಮಧ್ಯಾಹ್ನ ಅವಳಿಗೆ ನಿಜವಾಗಿಯೂ ಬೇಸರವಾಯಿತು. ಅನ್ನದ ತಟ್ಟೆಯ ಮುಂದೆ ಕೂತು ಗಂಡನನ್ನು ಕೇಳಿದಳು.

"ಅದೇ ಕೂಗಿದ್ದು ಅಂತ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಹಾಸಿಗೆಯಲ್ಲಿದ್ದೆ."

"ಪಕ್ಕದ ಮನೆಯವನು ನೋಡಿದ್ನಾ?"

"ಅವನೂ ಹಾಸಿಗೆಯಲ್ಲೇ."

"ಅತ್ತೆ?"

"ನನಗೆ ನೋಡೋದೇನು ಬಂತು," ಎಂದರು ಅತ್ತೆ. "ಉಳಿದದ್ದರಲ್ಲಿ ಒಂದು ಹುಂಜದ ಹಾಗಿದೆ, ಹಿತ್ತಲಲ್ಲಿ ಹುಂಜ ಕೂಗ್ತು. ಎರಡಕ್ಕೆ ಎರಡು ಕೂಡಿಸಿದ್ರೆ ನಾಲ್ಕೇ ಅಲ್ವಾ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನೀವೇ ಹೇಳ್ತೀರಿ. ಇಲ್ಲಿ ಪ್ರತ್ಯಕ್ಷ ಕಂಡವರೇ ಯಾರೂ ಇಲ್ಲ," ಎಂದು ದಾರದಕ್ಕ ಕೈತೊಳೆಯಲು ಎದ್ದಳು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಗಂಡ ಮಾಡಿಕೊಟ್ಟಿದ್ದ ಮೂರು ಕಾಲಿನ ಮಣೆಯನ್ನು ಹಿತ್ತಲಿಗೆ ಒಯ್ದು, ಗೂಡಿನ ಬಾಗಿಲು ತೆಗೆದು, ನೀರಿನ ತೊಟ್ಟಿಯ ಪಕ್ಕ ಕೂತಳು. ಕೋಳಿಗಳು ಒಂದೊಂದಾಗಿ ಹೊರಗೆ ಬಂದವು. ಅವಳು ಯಾವುದನ್ನೂ ದಿಟ್ಟಿಸಲಿಲ್ಲ. ಗಿರಣಿಯಲ್ಲಿ ನಿಲ್ಲುತ್ತಿದ್ದ ಹಾಗೆ ಎಲ್ಲವನ್ನೂ ಒಟ್ಟಿಗೆ ಕಣ್ಣಿನೊಳಗೆ ತೆಗೆದುಕೊಂಡು, ಸಾಲಿನಲ್ಲಿ ಎಲ್ಲಿ ಏನು ಬದಲಾಗುತ್ತದೆ ಎಂದು ಕಾದಳು. ನೀಲಿ ದಾರದ್ದು ಗೋಡೆಯ ಬುಡ ಕೆದಕುತ್ತಿತ್ತು. ಉಳಿದವು ಅದರ ಹಿಂದೆ. ಆಕಾಶ ಬಿಳುಪಾಯಿತು. ಕೆಲಸ ಮುಗಿಸಿ ಬಂದ ಬೇಕರಿಯವನ ತಲೆ ಗೋಡೆಯಾಚೆ ಹಾದುಹೋದದ್ದನ್ನು ಕಂಡಳು.

ಆಗ ಕಟ್ಟಿಗೆಯ ರಾಶಿಯ ಮೇಲೆ ಒಂದು ಕತ್ತು ಉದ್ದವಾಯಿತು. ಎದೆ ಉಬ್ಬಿತು. ಕೊಕ್ಕು ಆಕಾಶಕ್ಕೆ ತೆರೆದು, ಗಂಟಲಿನ ಗರಿಗಳೆಲ್ಲ ಎದ್ದು ನಡುಗಿದವು. ಕಾಲಿಗೆ ದಾರವಿಲ್ಲದ ಕೋಳಿ ಅದು. ಅತ್ತೆ ಆರು ವರ್ಷದ ಹಿಂದೆ ಬುಟ್ಟಿಯಲ್ಲಿ ತಂದಿದ್ದ ಅದೇ ಬೂದು ಹೇಂಟೆ!

ದಾರದಕ್ಕ ಕೂತಲ್ಲಿಂದಲೇ, "ರೀ, ಬನ್ನಿ! ತಮ್ಮ, ಗೋಡೆ ಹತ್ರ ಬಾ! ಅತ್ತೇ!" ಎಂದು ಕೂಗಿದ ರಭಸಕ್ಕೆ ಆಚೆಯ ಮೂರು ಮನೆಯವರೂ ಎದ್ದರೆಂದು ಆಮೇಲೆ ತಿಳಿಯಿತು. ಬಡಗಿ ಪಂಚೆ ಸುತ್ತಿಕೊಳ್ಳುತ್ತ ಬಂದ. ಬೇಕರಿಯವನ ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಬರುವಷ್ಟರಲ್ಲಿ ಬೂದು ಹೇಂಟೆ, ನೋಡುವವರು ಹೆಚ್ಚಿದ್ದರಿಂದಲೋ ಏನೋ, ಮತ್ತೊಮ್ಮೆ ಕತ್ತು ಚಾಚಿ ಸಾವಕಾಶವಾಗಿ ಕೂಗಿತು.

ಮೊದಲು ನಕ್ಕವನು ಬೇಕರಿಯವನೇ. ಗೋಡೆಯನ್ನು ಹಿಡಿದುಕೊಂಡು ನಕ್ಕ. "ಇದರ ಮೊಟ್ಟೆ ಐದು ವರ್ಷದಿಂದ ತಿಂತಾ ಇದ್ದೀನಲ್ಲ ಅಕ್ಕ!"

"ನನಗೀಗ ಎಪ್ಪತ್ತೆಂಟು," ಎಂದರು ಅತ್ತೆ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು. "ಹೇಂಟೆ ಕೂಗಿದ್ದನ್ನ ಈವತ್ತೇ ನೋಡಿದ್ದು. ಎತ್ತು ಈಯಿತು ಅಂದ್ರೂ ಇನ್ನು ಮೇಲೆ ಕೊಟ್ಟಿಗೆಗೆ ಹೋಗಿ ನೋಡಿಕೊಂಡೇ ಬರ್ತೀನಿ."

ಹಿಂಡಿನಲ್ಲಿ ಹುಂಜವೇ ಇಲ್ಲದಿದ್ದರೆ ಹಿರಿಯ ಹೇಂಟೆಯೊಂದು ಯಜಮಾನಿಕೆ ವಹಿಸಿಕೊಂಡು ಹೀಗೆ ಕೂಗುವುದುಂಟು ಎಂದು ಆಮೇಲೆ ತೋಟದ ಯಜಮಾನ ಹೇಳಿದ. ಬಹುಶಃ ನೀಲಿ ದಾರದ್ದು ಬೆಳೆದು ಗತ್ತು ತೋರಿಸತೊಡಗಿದ್ದರಿಂದ ಮುದುಕಿಗೆ ತನ್ನ ಜಾಗ ನೆನಪಾಗಿರಬೇಕು ಎಂದ. ಅತ್ತೆಗೆ ಆ ವಿವರಣೆ ಬಹಳ ಹಿಡಿಸಿತು.

ಸಂಜೆ ದೊಡ್ಡ ಮೇಡಂ ಬಂದರು. ನಡೆದದ್ದನ್ನೆಲ್ಲ ಕೇಳಿ ಕೈಕೋಲು ಗೋಡೆಗೆ ಒರಗಿಸಿ, "ನಾನು ಹುಂಜ ಕೂಡದು ಅಂದಿದ್ದೆ. ಕೂಗೋ ಹೇಂಟೆ ಬಗ್ಗೆ ಏನೂ ಹೇಳಿಲ್ಲ. ಹೇಳದೇ ಇರೋ ನಿಯಮಕ್ಕೆ ಶಿಕ್ಷೆ ಕೊಡೋಕಾಗಲ್ಲ" ಎಂದರು. ಆದರೆ ಬೇಕರಿಯವನ ನಿದ್ದೆಯ ಪ್ರಶ್ನೆ ಹಾಗೇ ಇತ್ತಲ್ಲ. ಅದಕ್ಕೆ ಬಡಗಿಯೇ ದಾರಿ ಕಂಡ. ಕತ್ತು ಚಾಚಲು ಜಾಗವಿದ್ದರೆ ತಾನೇ ಕೂಗುವುದು? ಗೂಡಿನೊಳಗೆ ಒಂದು ಮೂಲೆಯಲ್ಲಿ ಮುದುಕಿಗೆಂದೇ ಸೂರು ತಗ್ಗಿಸಿ ಸಣ್ಣ ಕೋಣೆ ಮಾಡಿದ. ಕೂರಬಹುದು, ತಿರುಗಬಹುದು, ತಲೆಯೆತ್ತಿ ಭಾಷಣ ಮಾಡುವಂತಿಲ್ಲ. ಅದರ ಬಾಗಿಲನ್ನು ಬೇಕರಿಯವನ ಮೊದಲ ನಿದ್ದೆ ಮುಗಿದ ಮೇಲೆ ತೆರೆಯುವುದೆಂದಾಯಿತು. ಆಮೇಲೆ ಅದು ಹೊತ್ತೇರಿ ಹನ್ನೊಂದಕ್ಕೆ ಕಟ್ಟಿಗೆಯ ಮೇಲೆ ಹತ್ತಿ ಬೆಳಗಾಯಿತೆಂದು ಸಾರುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ.

ನೀಲಿ ದಾರದ್ದು ಇನ್ನೂ ಐದು ವಾರ ತಡೆದು ಮೊಟ್ಟೆ ಇಟ್ಟಿತು. ಅದು ಚೂಪು ತುದಿಯ ಮೊಟ್ಟೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಹುಂಜ" ಎಂದರು. ಸೊಸೆ ಒಲೆ ಹಚ್ಚಿದಳು.

ದಾರದಕ್ಕನ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತು. ಹಬ್ಬಿ ಹತ್ತು ದಿನವೂ ಆಗಿರಲಿಲ್ಲ, ಸೀಬೆತೋಟದ ಯಜಮಾನ ಸೈಕಲ್ಲಿನಲ್ಲಿ ಬಂದಿಳಿದ. ಚೀಲದಿಂದ ಮೊದಲು ಒಂದಿಷ್ಟು ಹಣ್ಣು ತೆಗೆದ. ಆಮೇಲೆ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಮೊಟ್ಟೆ ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದೇನು?" ಎಂದಳು.

"ನೀವು ಕೊಟ್ಟ ಹುಂಜ ಇಟ್ಟಿದ್ದು," ಎಂದ ಅವನು, ಮುಖದ ಒಂದು ಗೆರೆಯೂ ಅಲುಗದಂತೆ. "ಕೆಂಪು ದಾರದ್ದು."

ದಾರದಕ್ಕ ಅವನ ತುಟಿಯನ್ನು ತಾನು ತಪ್ಪಾಗಿ ಓದಿದೆನೇನೋ ಎಂದು ಗಂಡನ ಕಡೆ ನೋಡಿದಳು. ಗಂಡ ಹೌದೆಂದು ತಲೆಯಾಡಿಸುತ್ತ ನಗು ತಡೆಯಲು ಹೆಣಗುತ್ತಿದ್ದ. ಕೆಂಪು ದಾರದ್ದರ ಬಗ್ಗೆ ಆ ದಿನ ಯಾರಿಗೂ ಅನುಮಾನವಿರಲಿಲ್ಲ, ಅತ್ತೆಗೂ ಇರಲಿಲ್ಲ. ಜುಟ್ಟು ಬೇಗ ಕೆಂಪಾಗಿತ್ತು, ಕಾಲು ದಪ್ಪವಿತ್ತು. ಅವಳು ನೆನಪಿನಲ್ಲಿ ಆ ಬೆಳಗನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದಳು. ಹೌದು, ನೀಲಿಯದರ ಜಗಳದಲ್ಲಿ ಕೆಂಪಿನ ಬೆನ್ನನ್ನು ತಾನು ಬಿಡಿಸಿ ನೋಡಿಯೇ ಇರಲಿಲ್ಲ. ಊರಿಗೆಲ್ಲ ಬೆನ್ನು ನೋಡಿ, ಬೆನ್ನು ನೋಡಿ ಎಂದು ಸಾರುವವಳು ಜುಟ್ಟನ್ನು ನಂಬಿ ಹಿಡಿದುಕೊಟ್ಟಿದ್ದಳು.

ಮೊದಲು ಕಿವಿಯ ತುದಿ ಬಿಸಿಯಾಯಿತು. ಆಮೇಲೆ ಎಲ್ಲಿಂದಲೋ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಬೆನ್ನೇ ನೋಡ್ಲಿಲ್ಲ ನಾನು! ನೋಡಲೇ ಇಲ್ಲ!" ಎನ್ನುತ್ತ ಅತ್ತೆಯ ಭುಜ ಹಿಡಿದಳು. ಅತ್ತೆಗೆ ಸೊಸೆಯನ್ನು ಹಂಗಿಸಲು ಇಷ್ಟು ಒಳ್ಳೆಯ ಅವಕಾಶ ಮತ್ತೆಂದೂ ಸಿಗಲಾರದು. ಆದರೆ ಅವರು, "ಹೋಗ್ಲಿ ಬಿಡು, ನಾನೂ ನೋಡ್ಲಿಲ್ಲ" ಎಂದುಬಿಟ್ಟರು.

"ವಾಪಸ್ ತಂದುಕೊಡ್ಲಾ?" ಎಂದು ಕೇಳಿದ ಯಜಮಾನ.

"ಬೇಡ. ಅಲ್ಲೇ ಹೊಂದಿಕೊಂಡಿದೆಯಲ್ಲ, ಇರಲಿ. ಆದ್ರೆ ನಾನೊಂದು ಸಲ ಅದನ್ನ ನೋಡಬೇಕು."

ಭಾನುವಾರ ಅತ್ತೆ ಸೊಸೆ ಇಬ್ಬರೂ ತೋಟಕ್ಕೆ ಹೋದರು. ಬಿಸಿಲು ಎಲೆಗಳ ನಡುವೆ ಚೂರುಚೂರಾಗಿ ಬಿದ್ದಿತ್ತು. ಉದುರಿದ ಹಣ್ಣುಗಳ ಸುತ್ತ ಕೋಳಿಗಳು ಓಡಾಡುತ್ತಿದ್ದವು. ಇವಳು ಹಿಂದಿನ ವರ್ಷಗಳಲ್ಲಿ ಕಳಿಸಿದ್ದ ಹುಂಜಗಳು ಬಾಲ ಬಾಗಿಸಿಕೊಂಡು ಮರಗಳ ಕೆಳಗೆ ಪಹರೆ ತಿರುಗುತ್ತಿದ್ದವು. ಕೆಂಪು ದಾರದ್ದನ್ನು ಯಜಮಾನ ಹಿಡಿದು ತಂದುಕೊಟ್ಟ. ಅವಳು ಮರದ ಬುಡದಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಿಗಿಯಾಗುತ್ತಿದ್ದ ದಾರವನ್ನು ಮೊದಲು ಬಿಚ್ಚಿದಳು. ಆಮೇಲೆ ಬೆನ್ನಿನ ಗರಿಗಳನ್ನು ಬಿಡಿಸಿದಳು. ದುಂಡಗೆ, ಮೆತ್ತಗೆ, ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು.

ಕೋಳಿ ಅಲುಗದೆ ಕೂತಿತ್ತು. ಅವಳು ಬಹಳ ಹೊತ್ತು ಅದರ ಜುಟ್ಟನ್ನೂ ಕಾಲನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಈ ಥರದ ಹೇಂಟೆಯೂ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಂತೆ ತುಟಿ ಆಡಿಸಿದಳು. ಅತ್ತೆ ಪಕ್ಕದಲ್ಲಿ ಕಾಲು ಚಾಚಿ ಕೂತು, ಮಡಿಲಿನಲ್ಲಿದ್ದ ಹಣ್ಣುಗಳಲ್ಲಿ ಹದವಾಗಿ ಮಾಗಿದ್ದೊಂದನ್ನು ಹುಡುಕಿ ಎರಡು ಹೋಳು ಮಾಡಿ, ದೊಡ್ಡದನ್ನು ಅವಳ ಕಡೆ ಚಾಚಿದರು.